ಹಿರೇಮದ್ದಿನ ಬೇರು ಮತ್ತು ದಣಿದ ಮನಸ್ಸು

ಕೇಳುಗ ಬಂಧುಗಳೇ, ನಮಸ್ಕಾರ.

ದಿನವಿಡೀ ದುಡಿದು ಮೈ ಸೋತಿದ್ದರೂ ರಾತ್ರಿ ಹಾಸಿಗೆಗೆ ಒರಗಿದ ಮೇಲೆ ಕಣ್ಣಿಗೆ ನಿದ್ರೆ ಹತ್ತದ ಸಂಕಟ ಇಂದು ಅನೇಕ ಮನೆಗಳಲ್ಲಿದೆ. ಹೀಗೆ ನರಳುವವರಿಗೆ ನೆಂಟರಿಷ್ಟರು ಮೊದಲು ಸೂಚಿಸುವ ಮದ್ದು ಅಶ್ವಗಂಧ. ಕನ್ನಡದಲ್ಲಿ ಇದಕ್ಕೆ ಹಿರೇಮದ್ದು ಎಂಬ ಗೌರವದ ಹೆಸರೇ ಇದೆ. ಬದನೆ, ಟೊಮೆಟೊ, ಆಲೂಗೆಡ್ಡೆಗಳ ಕುಟುಂಬಕ್ಕೆ ಸೇರಿದ ಈ ಪುಟ್ಟ ಗಿಡ ತನ್ನ ಕೆಂಪು ಹಣ್ಣನ್ನು ತೆಳು ಕಾಗದದಂಥ ಹೊದಿಕೆಯೊಳಗೆ ಅಡಗಿಸಿಕೊಂಡಿರುತ್ತದೆ. ಹಸಿ ಬೇರಿಗೆ ಕುದುರೆಯ ಮೈವಾಸನೆ ಇರುವುದರಿಂದಲೇ ಅಶ್ವಗಂಧ ಎಂಬ ಹೆಸರು ಬಂತು. ಮಧ್ಯಪ್ರದೇಶದ ನೀಮಚ್ ಮತ್ತು ಮಂದಸೌರ್ ಜಿಲ್ಲೆಗಳ ರೈತರು ಇದನ್ನು ಮಳೆಗಾಲದಲ್ಲಿ ಬಿತ್ತಿ, ಐದಾರು ತಿಂಗಳ ಬಳಿಕ ಎಲೆ ಒಣಗಿ ಹಣ್ಣು ಕೆಂಪಾದಾಗ ಬೇರನ್ನು ಕೀಳುತ್ತಾರೆ.

ಚರಕಸಂಹಿತೆಯು ಅಶ್ವಗಂಧವನ್ನು ಬಲ ಕೊಡುವ ಮತ್ತು ಮೈ ತುಂಬಿಸುವ ದ್ರವ್ಯಗಳ ಗುಂಪುಗಳಲ್ಲಿ ಇರಿಸಿದೆ. ಆಧುನಿಕರು ಇಂಥ ಸಸ್ಯಗಳಿಗೆ ಬಳಸುವ ಅಡಾಪ್ಟೋಜೆನ್ ಎಂಬ ಪದ ಮಾತ್ರ ತೀರ ಈಚಿನದು. 1947ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಲಾಜರೆವ್ ಅದನ್ನು ರೂಪಿಸಿದರು. ಒತ್ತಡ ಯಾವ ಬಗೆಯದಾದರೂ ದೇಹದ ತಾಳಿಕೆಯನ್ನು ಹೆಚ್ಚಿಸಬೇಕು, ಏರುಪೇರಾದುದನ್ನು ಸಮಸ್ಥಿತಿಗೆ ತರಬೇಕು, ತಾನು ಹಾನಿ ಮಾಡಬಾರದು ಎಂಬುದು ಆ ಪದದ ಹಿಂದಿನ ಕಲ್ಪನೆ.

ಅಶ್ವಗಂಧದ ಸಸ್ಯಶಾಸ್ತ್ರೀಯ ಹೆಸರು ವಿಥಾನಿಯಾ ಸೋಮ್ನಿಫೆರಾ. ಲ್ಯಾಟಿನ್ ಭಾಷೆಯಲ್ಲಿ ಸೋಮ್ನಿಫೆರಾ ಎಂದರೆ ನಿದ್ರೆ ತರುವಂಥದು. ಈ ಬೇರಿನ ಗುಣವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸುಳಿವಿಲ್ಲವೆಂದು ನನಗೆ ತೋರುತ್ತದೆ. ಚೈತನ್ಯ ಬೇಕೆಂದು ಅಶ್ವಗಂಧವನ್ನು ಕೊಳ್ಳುವವರು ಕಾಫಿ ಕುಡಿದಾಗಿನ ಚುರುಕನ್ನು ಅದರಿಂದ ನಿರೀಕ್ಷಿಸುತ್ತಾರೆ. ಆದರೆ ಕಾಫಿಯು ದಣಿವಿನ ಅರಿವನ್ನು ಒಂದಿಷ್ಟು ಹೊತ್ತು ಮರೆಸಿದರೆ, ಈ ಬೇರು ಮನಸ್ಸಿನ ಬಿಗಿತವನ್ನು ಸಡಿಲಿಸಿ ನಿದ್ರೆಗೆ ದಾರಿ ಮಾಡುವ ಮೂಲಕ ಮರುದಿನದ ಬಲವನ್ನು ಉಳಿಸಿಕೊಡಬಲ್ಲದು. 2012ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಒತ್ತಡದಿಂದ ಬಳಲುತ್ತಿದ್ದ 64 ಮಂದಿಯ ಪೈಕಿ ಒಂದು ಗುಂಪಿಗೆ ಬೇರಿನ ಸಾರವನ್ನು ದಿನಕ್ಕೆರಡು ಬಾರಿ 300 ಮಿಲಿಗ್ರಾಂನಂತೆ 60 ದಿನ ಕೊಡಲಾಯಿತು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಒತ್ತಡದ ಹೊತ್ತಿನಲ್ಲಿ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಅವರ ರಕ್ತದಲ್ಲಿ ಸುಮಾರು ಶೇ. 28ರಷ್ಟು ಇಳಿಯಿತು. ಫಲ ಆಶಾದಾಯಕವೇ ಸರಿ; ಆದರೂ 64 ಜನ ಸಣ್ಣ ಸಂಖ್ಯೆ, ಎರಡು ತಿಂಗಳು ಸಣ್ಣ ಅವಧಿ. ವರ್ಷಗಟ್ಟಲೆ ಸೇವಿಸುವವರಿಗೆ ಈ ಅಧ್ಯಯನ ಅಭಯ ನೀಡಲಾರದು.

ಗಿಡಮೂಲಿಕೆಯಿಂದ ಕೆಡುಕಿಲ್ಲ ಎಂಬ ನಮ್ಮ ಜನರ ನಂಬಿಕೆಯೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ಸಂಗತಿ. ಅಶ್ವಗಂಧ ಸೇವಿಸಿದ ಕೆಲವರಲ್ಲಿ ಕಾಮಾಲೆ ಕಾಣಿಸಿಕೊಂಡು ಯಕೃತ್ತಿಗೆ ಘಾಸಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅವು ಅಪರೂಪ, ಆದರೆ ಕಣ್ಣು ಹಳದಿಯಾದರೆ ಅಥವಾ ಮೈಯಲ್ಲಿ ವಿಪರೀತ ತುರಿಕೆ ಎದ್ದರೆ ಕೂಡಲೇ ಸೇವನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಈ ಬೇರು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದಾದ್ದರಿಂದ ಆ ಗ್ರಂಥಿಯ ತೊಂದರೆಗೆ ಮಾತ್ರೆ ನುಂಗುತ್ತಿರುವವರು, ಹಾಗೆಯೇ ನಿದ್ರೆಗೆ, ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಬಾರದು. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಇದು ಬೇಡ.

ಕೊಳ್ಳುವಾಗ ಡಬ್ಬಿಯ ಮೇಲೆ ಬೇರು ಎಂದು ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಿರಿ. ಬೇರಿಗಿಂತ ಎಲೆ ಅಗ್ಗವಾದ್ದರಿಂದ ಎಲೆಯ ಸಾರ ಬೆರೆಯುವುದುಂಟು. ಎಲೆಯನ್ನು ಬಳಸದಿರುವಂತೆ ಕೇಂದ್ರದ ಆಯುಷ್ ಸಚಿವಾಲಯ 2021ರಲ್ಲಿ ತಯಾರಕರಿಗೆ ಸೂಚಿಸಿತ್ತು. ಬೇರಿನ ಪುಡಿಗೆ ಆಯುರ್ವೇದದ ಔಷಧಕೋಶ ಹೇಳುವ ಪ್ರಮಾಣ 3ರಿಂದ 6 ಗ್ರಾಂ. ಇದನ್ನು ವಾಡಿಕೆಯಂತೆ ಬಿಸಿ ಹಾಲಿನಲ್ಲಿ ಕದಡಿ ಕುಡಿಯುತ್ತಾರೆ. ಅಂಗಡಿಯ ಮಾತ್ರೆಗಳಲ್ಲಿರುವುದು ಸಾಂದ್ರಗೊಳಿಸಿದ ಸಾರವಾದ್ದರಿಂದ ಈ ಅಳತೆ ಅವಕ್ಕೆ ಹೊಂದುವುದಿಲ್ಲ.

ವೈದ್ಯರ ಸಲಹೆಯಂತೆ ಒಂದೆರಡು ತಿಂಗಳು ಸೇವಿಸಿದರೂ ದಣಿವು ಇಳಿಯದಿದ್ದರೆ ಪ್ರಮಾಣವನ್ನು ಏರಿಸಬೇಡಿರಿ. ರಕ್ತಹೀನತೆ, ಥೈರಾಯ್ಡ್ ದೋಷ, ಸಕ್ಕರೆ ಕಾಯಿಲೆಗಳೂ ಇದೇ ಬಗೆಯ ಸುಸ್ತಿನೊಂದಿಗೆ ಆರಂಭವಾಗುತ್ತವೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ನಮಸ್ಕಾರ.