ಮತ್ತಾಯನ ಸುವಾರ್ತೆಯಲ್ಲಿ ಉಳಿದ ಸಿರಾಯ

ಕೇಳುಗರೆಲ್ಲರಿಗೂ ನಮಸ್ಕಾರ.

ತೈವಾನಿನ ನೈಋತ್ಯ ಕರಾವಳಿಯಲ್ಲಿ, ಇಂದಿನ ತೈನಾನ್ ನಗರದ ಆಸುಪಾಸಿನಲ್ಲಿ, ಸಿರಾಯ ಎಂಬ ಭಾಷೆಯಿತ್ತು. ಸುಮಾರು 19ನೇ ಶತಮಾನದ ಕೊನೆಯ ಹೊತ್ತಿಗೆ ಅದು ಮನೆಮಾತಾಗಿ ಉಳಿಯಲಿಲ್ಲ. ಇಂದು ಅದರ ವ್ಯಾಕರಣ ಬರೆಯುವ ವಿದ್ವಾಂಸರಲ್ಲಿ ಯಾರೂ ಆ ಮಾತನ್ನು ಕಿವಿಯಾರೆ ಕೇಳಿದವರಲ್ಲ. ಆದರೂ ಅಲೆಕ್ಸಾಂಡರ್ ಅಡೆಲಾರ್ ಎಂಬ ಭಾಷಾವಿಜ್ಞಾನಿ 2011ರಲ್ಲಿ ಅದರ ಧ್ವನಿ, ವ್ಯಾಕರಣ ಮತ್ತು ಪದಕೋಶವನ್ನು ದೊಡ್ಡ ಗ್ರಂಥವಾಗಿ ಹೊರತಂದರು. ಅದು ಹೇಗೆ ಸಾಧ್ಯವಾಯಿತು?

1624ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಬೀಡುಬಿಟ್ಟಿತು. ವ್ಯಾಪಾರಿಗಳ ಬೆನ್ನಿಗೆ ಪಾದ್ರಿಗಳೂ ಬಂದರು. ಅವರಲ್ಲೊಬ್ಬರಾದ ಡೇನಿಯಲ್ ಗ್ರಾವಿಯಸ್ ಬೈಬಲಿನ ಮತ್ತಾಯನ ಸುವಾರ್ತೆಯನ್ನು ಸಿರಾಯಕ್ಕೆ ಅನುವಾದಿಸಿದರು. ಡಚ್ ಮತ್ತು ಸಿರಾಯ ಅಕ್ಕಪಕ್ಕದಲ್ಲಿರುವಂತೆ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ 1661ರಲ್ಲಿ ಅಚ್ಚಾಯಿತು. ಅದೇ ವರ್ಷ ಚೀನಾದ ಸೇನಾನಿ ಕೊಕ್ಸಿಂಗನ ಸೇನೆ ಡಚ್ಚರ ಕೋಟೆಗೆ ಮುತ್ತಿಗೆ ಹಾಕಿತು. ಮರುವರ್ಷ ಡಚ್ಚರು ದ್ವೀಪವನ್ನೇ ಬಿಟ್ಟರು. ಓದುಗರಿಗಾಗಿ ಬರೆದ ಪುಸ್ತಕ ಓದುಗರನ್ನು ತಲುಪುವ ದಾರಿಯೇ ಮುಚ್ಚಿಹೋಯಿತು.

ಆ ಪುಸ್ತಕದಲ್ಲಿರುವುದು ಡಚ್ ಕಿವಿ ಕೇಳಿಸಿಕೊಂಡ, ಡಚ್ ಕಾಗುಣಿತದಲ್ಲಿ ಮೂಡಿದ ಸಿರಾಯ. ಒಂದೇ ಪದಕ್ಕೆ ಹಲವು ಬರವಣಿಗೆ. ಮೂಲ ಉಚ್ಚಾರಣೆ ಯಾವುದೆಂದು ತೀರ್ಮಾನಿಸಲು ನೆಂಟ ಭಾಷೆಗಳ ಸಾಕ್ಷ್ಯ ಬೇಕು. ಜಾವಾ ಭಾಷೆಯಲ್ಲಿ ಮೂರಕ್ಕೆ ‘ತೆಲು’, ಐದಕ್ಕೆ ‘ಲಿಮ’. ಸಿರಾಯದಲ್ಲಿ ‘ತುರು’, ‘ರಿಮ’. ಲಕಾರವಿರಬೇಕಾದಲ್ಲಿ ರಕಾರ ಹೀಗೆ ತಪ್ಪದೆ ಬರುತ್ತಿದ್ದರೆ ಅದು ಪಾದ್ರಿಯ ಕೈತಪ್ಪಲ್ಲ, ಭಾಷೆಯದೇ ನಡೆ. ‘ರಿಮ’ ಎಂದರೆ ಕೈ ಕೂಡ. ಐದು ಬೆರಳಿನ ಕೈಯೇ ಐದರ ಹೆಸರಾಯಿತು.

ಇನ್ನು ವ್ಯಾಕರಣ. ‘ಕಿತ’ ಎಂದರೆ ನೋಡು. ನೋಡುವವನನ್ನು ಮುಂದಿಟ್ಟು ಹೇಳುವಾಗ ಧಾತುವಿನ ಹೊಟ್ಟೆಯೊಳಗೇ ಮಕಾರ ಸೇರಿ ‘ಕ್ಮಿತ’ ಆಗುತ್ತದೆ. ನೋಡಿದ ವಸ್ತು ಮುಖ್ಯವಾದರೆ ಪ್ರತ್ಯಯ ಕೊನೆಗೆ ಹೋಗುತ್ತದೆ. ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ.

ಗ್ರಾವಿಯಸ್‌ರ ಅನುವಾದದಲ್ಲಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ‘ರಾಮಾಯನ್’ ಎಂದು ಶುರುವಾಗುತ್ತದೆ. ವಾಲ್ಮೀಕಿಗೂ ಇದಕ್ಕೂ ಯಾವ ನಂಟೂ ಇಲ್ಲ! ‘ರಾಮ’ ಅಂದರೆ ತಂದೆ, ‘ಯನ್’ ಅಂದರೆ ನಮ್ಮ. ಆದರೆ ಯಾರ ‘ನಮ್ಮ’? ತುಳುವಿನಲ್ಲಿ ‘ಎಂಕುಲು’ ಬೇರೆ, ‘ನಮ’ ಬೇರೆ. ಮೊದಲನೆಯದರಲ್ಲಿ ಕೇಳುವವರು ಸೇರುವುದಿಲ್ಲ, ಎರಡನೆಯದರಲ್ಲಿ ಸೇರುತ್ತಾರೆ. ಸಿರಾಯದಲ್ಲೂ ಅದೇ ಭೇದವಿದೆ. ಗ್ರಾವಿಯಸ್ ಆರಿಸಿಕೊಂಡದ್ದು ಕೇಳುವವನನ್ನು ಬಿಟ್ಟ ‘ನಮ್ಮ’. ಪ್ರಾರ್ಥನೆ ಕೇಳುವವನು ದೇವರು; ಅವನು ತನಗೆ ತಾನೇ ತಂದೆಯಲ್ಲವಲ್ಲ. ಡಚ್ ಭಾಷೆಯಲ್ಲಿ ಇಲ್ಲದ ಈ ಸೂಕ್ಷ್ಮವನ್ನು ಅವರು ಹಿಡಿದದ್ದು ನನಗೆ ಮೆಚ್ಚುಗೆಯಾಗುತ್ತದೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಮಾತಾಡುವುದು, ಎಸೆಯುವುದು, ಆಣೆಯಿಡುವುದು ಇಂಥ ಕೆಲಸಗಳಿಗೆ ಸಿರಾಯದಲ್ಲಿ ಬೇರೆ ಬೇರೆ ಪೂರ್ವಪ್ರತ್ಯಯಗಳಿದ್ದವು. ಮುಖ್ಯ ಕ್ರಿಯಾಪದದ ಮೊದಲ ತುಣುಕು ಅದಕ್ಕೂ ಮುಂಚೆ ಬರುವ ಸಹಾಯಕ ಪದಕ್ಕೂ ಅಂಟಿಕೊಳ್ಳುತ್ತಿತ್ತು. ಕನ್ನಡದಲ್ಲಿ ಏನಾಯಿತೆಂದು ತಿಳಿಯಲು ವಾಕ್ಯದ ಕೊನೆಯವರೆಗೆ ಕಾಯಬೇಕು. ಅವರಲ್ಲಿ ಮುಂದೆ ಬರುವ ಕ್ರಿಯೆಯ ಸುಳಿವು ಮೊದಲೇ ಸಿಗುತ್ತಿತ್ತು.

ಸುವಾರ್ತೆಯೊಂದೇ ಆಧಾರವಾಗಿದ್ದರೆ ನಮಗೆ ಪಾದ್ರಿಯ ಸಿರಾಯವಷ್ಟೇ ದಕ್ಕುತ್ತಿತ್ತು. ಪುಣ್ಯಕ್ಕೆ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಸಾವಿರಕ್ಕೂ ಮಿಕ್ಕಿದ ಪದಗಳ ಹಸ್ತಪ್ರತಿಯೊಂದು ಉಳಿದಿತ್ತು. 1842ರಲ್ಲಿ ಅದು ಅಚ್ಚಾಯಿತು. ಅದರ ಉಪಭಾಷೆ ಸುವಾರ್ತೆಯದಕ್ಕಿಂತ ಕೊಂಚ ಬೇರೆ. ಸಿರಾಯರು ತಾವೇ ಬರೆದ ಪತ್ರಗಳೂ ಇವೆ. ಡಚ್ಚರು ಹೋದ ಮೇಲೂ ಅವರು ರೋಮನ್ ಲಿಪಿಯನ್ನು ಕೈಬಿಡದೆ, 19ನೇ ಶತಮಾನದ ಆರಂಭದವರೆಗೂ ಜಮೀನಿನ ಕ್ರಯಪತ್ರ, ಅಡಮಾನಪತ್ರಗಳನ್ನು ತಮ್ಮ ನುಡಿಯಲ್ಲಿ ಬರೆದರು. ಸಿಂಕಾನ್ ಹಸ್ತಪ್ರತಿಗಳೆಂದು ಹೆಸರಾದ ಈ ಕಾಗದಗಳಲ್ಲಿ ಹಲವಕ್ಕೆ ಚೀನೀ ಪಾಠವೂ ಜೊತೆಗಿದೆ. ಅವುಗಳಲ್ಲಿ ದೇವರ ಸುದ್ದಿ ಕಡಿಮೆ. ಹೊಲದ ಎಲ್ಲೆ, ಸಾಲದ ಬೆಳ್ಳಿ, ಸಾಕ್ಷಿಗಳ ಹೆಸರು, ಇವೇ ಹೆಚ್ಚು.