ಮಳೆಗೆ ಮೊದಲು ಒಂದು ಕೌದಿ

ನಮಸ್ಕಾರ. ಈಗ ಬೆಳಿಗ್ಗೆ ಏಳೂವರೆ. ಅಂಗಳದಲ್ಲಿ ಅಡಿಕೆ ಮರಗಳ ನೆರಳು ಇನ್ನೂ ಉದ್ದಕ್ಕೆ ಬಿದ್ದಿದೆ. ಈ ವಿಡಿಯೋದಲ್ಲಿ ಚಾಪೆಯ ಮೇಲೆ ಕಾಣುತ್ತಿರುವುದು ಹಲಸಿನಕಾಯಿ ಹಪ್ಪಳ. ಪಕ್ಕದ ಹಗ್ಗದಲ್ಲಿ ಹಳೇ ಸೀರೆಗಳಿವೆ, ಒಟ್ಟು ಐದು. ಹಪ್ಪಳ ಒಣಗುವಷ್ಟರಲ್ಲಿ ಸೀರೆಗಳೂ ಒಣಗುತ್ತವೆ. ಆಮೇಲೆ ಇನ್ನೊಂದು ಚಾಪೆ ಜಗುಲಿಗೆ ಬರುತ್ತದೆ. ಅದರ ಮೇಲೆ ಕೌದಿ, ಅಂದರೆ ಹಳೇ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಹೊದಿಕೆ, ಹಾಸಿಕೊಂಡು ನಾವು ಹೊಲಿಯಲು ಕೂರುತ್ತೇವೆ.

ನಾನಿರುವುದು ಸಾಗರದ ಹತ್ತಿರ, ಹೆಗ್ಗೋಡಿನ ಕಡೆಯ ಒಂದು ಹಳ್ಳಿಯಲ್ಲಿ. ಬೇಸಿಗೆ ಅಂದ ಕೂಡಲೇ ನಮಗೆ ನೆನಪಾಗುವುದು ಮಳೆ. ಜೂನ್ ಬಂತು ಅಂದರೆ ಇಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ನಮ್ಮ ಜಿಲ್ಲೆಯದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಮ್ಮೂರಿಗೆ ಅಷ್ಟಿಲ್ಲ, ಆದರೂ ಒಗೆದ ಟವೆಲ್ ಒಣಗಲು ಮೂರು ದಿನ ಬೇಕು. ಸೌದೆ ಒಟ್ಟುವುದು, ದರಗು ಅಂದರೆ ಒಣ ಎಲೆ ತರುವುದು, ಅಪ್ಪೆಮಿಡಿ ಉಪ್ಪಿಗೆ ಹಾಕುವುದು, ಹಪ್ಪಳ, ಎಲ್ಲವನ್ನೂ ಈಗಲೇ ಮುಗಿಸಬೇಕು. ಕೌದಿಯೂ ಅದೇ ಸಾಲಿನ ಕೆಲಸ. ಮಳೆಗಾಲದಲ್ಲಿ ಹೊದೆಯುವುದನ್ನು ಬಿಸಿಲಿರುವಾಗಲೇ ಹೊಲಿದು, ಒಗೆದು, ಒಣಗಿಸಿ ಇಡಬೇಕು.

ನನಗೆ ಇದು ಅರ್ಥವಾಗಿದ್ದು ತಡವಾಗಿ. ಮೊದಲೆಲ್ಲ ನಾನು ವಿಡಿಯೋ ನೋಡಿ ಒಬ್ಬಳೇ ಹೊಲಿಯುತ್ತಿದ್ದೆ. ಕಾಲು ಇಂಚು ಅಂಚು ಬಿಟ್ಟು ಚೌಕಗಳನ್ನು ಮಷಿನ್‌ನಲ್ಲಿ ಜೋಡಿಸಿದೆ. ನಡುವೆ ದಪ್ಪ ಹತ್ತಿಯ ಪದರ ಇಟ್ಟು ಒಂದು ಕ್ವಿಲ್ಟ್ ಮಾಡಿದೆ. ನೋಡಲು ಚೆನ್ನಾಗಿಯೇ ಇತ್ತು. ಆಷಾಢ ಮುಗಿಯುವಷ್ಟರಲ್ಲಿ ಒಳಗಿನ ಹತ್ತಿ ತೇವ ಹೀರಿಕೊಂಡು ಮುಗ್ಗಲು ವಾಸನೆ ಬಂತು. ಮೇಲೆ ಬೂಷ್ಟಿನ ಕಪ್ಪು ಚುಕ್ಕೆಗಳು ಎದ್ದವು. ಎರಡು ತಿಂಗಳ ಕೆಲಸ. ನನಗೆ ಅಳು ಬಂದಿತ್ತು.

ಆಗ ಕೆಳಮನೆ ಅತ್ತೆ ಬಂದು ಮುಟ್ಟಿ ನೋಡಿದರು. "ಹತ್ತಿ ಯಾಕೆ ತುಂಬಿದ್ದೆ ಮಾರಾಯ್ತಿ? ಸೀರೆ ಮೇಲೆ ಸೀರೆ ಹಾಕಿದ್ರೆ ಸಾಕಿತ್ತು. ಒಲೆ ಹತ್ರ ಹರವಿದ್ರೂ ಒಣಗ್ತದೆ" ಅಂದರು. ಅವರು ಹೇಳಿದ್ದು ಎಷ್ಟು ಸರಿ ಅಂತ ಮುಂದಿನ ಮಳೆಗಾಲದಲ್ಲಿ ಗೊತ್ತಾಯಿತು. ತೆಳ್ಳಗಿನ ಹತ್ತಿ ಸೀರೆಯ ನಾಲ್ಕೈದು ಪದರ ಸೇರಿದರೆ ಬೆಚ್ಚಗಿರುತ್ತದೆ. ಪದರಗಳ ನಡುವೆ ಗಾಳಿಯೂ ಆಡುತ್ತದೆ, ಬೇಗ ಒಣಗುತ್ತದೆ.

ಈಗ ನಾವು ಆರು ಜನ. ಶುರುವಾಗಿದ್ದು ಸ್ವಸಹಾಯ ಸಂಘದ ಸಭೆಯಲ್ಲಿ. ಲೆಕ್ಕ ಬರೆದಾದ ಮೇಲೂ ಯಾರಿಗೂ ಏಳುವ ಮನಸ್ಸಿರಲಿಲ್ಲ. ಯಾರೋ ಚೀಲದಿಂದ ಅರ್ಧ ಹೊಲಿದ ತುಂಡು ತೆಗೆದರು, ಅಷ್ಟೇ. ಈಗ ಪ್ರತಿ ಬುಧವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಜಗುಲಿಯಲ್ಲಿ ಸೇರುತ್ತೇವೆ. ಬರುವಾಗ ಒಬ್ಬರು ಮಜ್ಜಿಗೆ ತಂದರೆ ಇನ್ನೊಬ್ಬರು ಮುರುಗಲು ಶರಬತ್ತು ತರುತ್ತಾರೆ. ಕೂತ ಕೂಡಲೇ ಮೊದಲ ಕೆಲಸ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವುದು. ಅವೆಲ್ಲ ಕೆಳಮನೆ ಅತ್ತೆಗೆ. ಅವರಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಹೊಲಿಗೆಯ ಸಾಲು ಮಾತ್ರ ಬೆರಳಿಗೇ ಗೊತ್ತಾಗುತ್ತದೆ. ಹತ್ತು ದಾರ ಮುಗಿಯುವಷ್ಟು ಹೊತ್ತು ಅವರು ಯಾರನ್ನೂ ಕರೆಯಬೇಕಾಗಿಲ್ಲ.

ಈ ಬೇಸಿಗೆಯ ಕೌದಿ ಅತ್ತೆಯ ಮೊಮ್ಮಗಳಿಗೆ. ಅವಳು ಬಾಣಂತನಕ್ಕೆ ಇಲ್ಲಿಗೇ ಬರುತ್ತಾಳೆ. ಮಗು ಹುಟ್ಟುವುದು ಜೂನ್‌ನಲ್ಲಿ, ಜಡಿಮಳೆಯ ಹೊತ್ತಿಗೆ. ಹೊಸ ಮಗುವನ್ನು ಹಳೇ ಬಟ್ಟೆಯಲ್ಲಿ ಮಲಗಿಸುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ ಅಲ್ವಾ. ನೂರಾರು ಸಲ ಒಗೆದ ಹತ್ತಿ ಬಟ್ಟೆಯ ಮೆದುತನ ಯಾವ ಹೊಸ ಬಟ್ಟೆಗೂ ಬರುವುದಿಲ್ಲ.

ನೋಡಿ, ಇದು ತಳಕ್ಕೆ ಹಾಸುವ ಸೀರೆ. ಐದೂವರೆ ಮೀಟರ್ ಉದ್ದ. ನಡುವೆ ಮಡಚಿದರೆ ಎರಡು ಪದರ, ಉದ್ದ ಒಂಬತ್ತು ಅಡಿ, ಅಗಲ ನಾಲ್ಕು ಅಡಿಗೆ ಸ್ವಲ್ಪ ಕಡಿಮೆ. ಸವೆದು ಪಾರದರ್ಶಕವಾದ ಭಾಗ ಕತ್ತರಿಸಿ ತೆಗೆದರೂ ಒಬ್ಬರಿಗೆ ಬೇಕಾದಷ್ಟು ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಸೀರೆ ಹೀಗೇ ಮಡಚಿ ಹಾಸಬೇಕು. ನಾಲ್ಕು ಮೂಲೆಗೆ ಮಣೆ ಇಟ್ಟು, ನಡುವಿನಿಂದ ಹೊರಗೆ ಅಂಗೈಯಲ್ಲಿ ಸವರುತ್ತಾ ಸುಕ್ಕು ಬಿಡಿಸಬೇಕು. ಇಲ್ಲಿ ಅವಸರ ಮಾಡಿದರೆ ಕೌದಿ ಇಡೀ ಜನ್ಮ ಒಂದು ಕಡೆಗೆ ಎಳೆದುಕೊಂಡೇ ಇರುತ್ತದೆ. ಪಾಲಿಯೆಸ್ಟರ್ ಸೀರೆ ಮಾತ್ರ ಬೇಡ. ಪದರ ಜಾರುತ್ತದೆ, ಬೆವರು ಹೀರುವುದಿಲ್ಲ. ಎಷ್ಟು ಚಂದದ ಬಣ್ಣ ಇದ್ದರೂ ನಾವು ಪಕ್ಕಕ್ಕೆ ಇಡುತ್ತೇವೆ.

ಈ ಪದರಗಳ ಮೇಲೆ ಹೊಲಿಯುವ ತುಂಡುಗಳಲ್ಲಿ ಈ ಕೆಂಗಂದು ಬಣ್ಣದ್ದು ನೋಡಿ. ಇದು ಅಡಿಕೆ ಚೊಗರು. ಕೊಯ್ಲಿನಲ್ಲಿ ಹಸಿ ಅಡಿಕೆ ಬೇಯಿಸಿದ ನೀರು ಅದು. ಅಡಿಕೆ ಸುಲಿಯುವ ಮನೆಯವರಿಗೆ ಹೇಳಬೇಕಿಲ್ಲ, ಚೊಗರು ತಾಗಿದ ಪಂಚೆ ಮತ್ತೆ ಬಿಳಿ ಆಗುವುದೇ ಇಲ್ಲ. ಇಲ್ಲೇ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ಕೈಮಗ್ಗದ ಬಟ್ಟೆಗೆ ಸಹಜ ಬಣ್ಣ ಹಾಕುತ್ತಾರೆ, ಅದರಲ್ಲಿ ಚೊಗರಿನ ಬಣ್ಣವೂ ಇದೆ. ಅದನ್ನು ನೋಡಿಯೇ ನನಗೆ ಧೈರ್ಯ ಬಂದಿದ್ದು. ಒಂದು ಬಾಟಲಿ ಚೊಗರು ಎತ್ತಿಟ್ಟಿದ್ದೆ. ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಬಿಸಿ ಚೊಗರಿನಲ್ಲಿ ಅದ್ದಿದೆ. ಸ್ಟೀಲ್ ಪಾತ್ರೆಯಲ್ಲಿ ಮಾಡಿದ್ದು ಈ ಬಣ್ಣ ಬಂತು. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ತುಂಡು ಮಾತ್ರ ಕಪ್ಪು ಬೂದಿ ಬಣ್ಣಕ್ಕೆ ತಿರುಗಿತು. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಹಾಗಾಗುತ್ತದೆ. ಅದೂ ನನಗೆ ಇಷ್ಟವಾಯಿತು. ಮೋಡದ ಬಣ್ಣ.

ಹೊಲಿಗೆ ಶುರು ಮಾಡುವುದು ಅಂಚಿನಿಂದ. ಸೂಜಿ ಒಳಗೆ ಹೊರಗೆ ಆಡಿಸುತ್ತಾ ಸುತ್ತಲೂ ಒಂದು ಸಾಲು. ಅದರ ಒಳಗೆ ಬೆರಳಗಲ ಬಿಟ್ಟು ಇನ್ನೊಂದು ಸಾಲು. ಹೀಗೆ ಸುತ್ತುತ್ತಾ ನಡುವಿಗೆ ಬರಬೇಕು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯೂ ಹೀಗೇ ಮೂಲೆಯಿಂದ ಶುರುವಾಗಿ ಒಳಕ್ಕೆ ಬರುತ್ತದೆ. ಅವರು ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ. ಅದಕ್ಕೆ ಹೂ ಅನ್ನುತ್ತಾರೆ. ಮೂಲೆಯಲ್ಲಿ ಹೂ ಇಲ್ಲದಿದ್ದರೆ ಕೌದಿ ಪೂರ್ತಿ ಆದ ಹಾಗಲ್ಲ. ಅದನ್ನು ನೋಡಿದ ಮೇಲೆ ಬರಿ ಮೂಲೆ ಬಿಡಲು ನಮಗೂ ಮನಸ್ಸಾಗಲಿಲ್ಲ. ಮಗುವಿನ ಕೌದಿಗೆ ನಾಲ್ಕು ಹೂ ಇಟ್ಟಿದ್ದೇವೆ. ಕಲಿತಿದ್ದು ಅವರಿಂದ, ಅದನ್ನು ಹೇಳಲೇಬೇಕು.

ಸ್ವಲ್ಪ ತೋಟಕ್ಕೆ ಹೋಗಿ ಬರೋಣ. ಸಂಜೆ ನಾಲ್ಕೂವರೆಗೆ ಬೆನ್ನು ನೋಯುತ್ತದೆ, ಎಲ್ಲರೂ ಎದ್ದು ಹಿತ್ತಲಿಗೆ ಬರುತ್ತಾರೆ. ಬಸಳೆ ಚಪ್ಪರ ಹಸಿರಾಗಿದೆ. ಹರಿವೆಗೆ ದಿನಾ ಎರಡು ಕೊಡ ನೀರು ಸಾಕು, ಬುಡಕ್ಕೆ ದರಗು ಮುಚ್ಚಿದ್ದೇವಲ್ಲ, ತೇವ ಆರುವುದಿಲ್ಲ. ಅಡುಗೆಮನೆ ಮಾಡಿನಿಂದ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಮೊಗೆಕಾಯಿಗಳನ್ನು ಕಳೆದ ಬುಧವಾರವೇ ಅರ್ಧ ಹಂಚಿಬಿಟ್ಟೆ.

ಎಲ್ಲರ ಕಣ್ಣು ಇರುವುದು ಡೇರೆ ಹೂವಿನ, ಅಂದರೆ ಡೇಲಿಯಾದ, ಗೆಡ್ಡೆಯ ಮೇಲೆ. ಮಲೆನಾಡಿನ ಹೆಂಗಸರಿಗೆ ಡೇರೆ ಅಂದರೆ ಎಷ್ಟು ಪ್ರೀತಿ ಅಂತ ಇಲ್ಲಿಯವರಿಗೆ ಗೊತ್ತು. ಗಿಡ ಒಣಗಿದ ಮೇಲೆ ಗೆಡ್ಡೆ ತೆಗೆದು, ಒಣ ಮರಳಿನಲ್ಲಿ ನೆರಳಿಗೆ ಇಟ್ಟಿರುತ್ತೇವೆ. ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದ ಮೇಲೆ ಕಣ್ಣು ಮೂಡುತ್ತದೆ. ಕಣ್ಣು ಇರುವುದು ಗೆಡ್ಡೆಯಲ್ಲಿ ಅಲ್ಲ, ಹಳೇ ಕಾಂಡಕ್ಕೆ ಅಂಟಿದ ಕುತ್ತಿಗೆಯ ಹತ್ತಿರ. ಆ ಭಾಗ ಇಲ್ಲದೆ ಮುರಿದುಕೊಂಡರೆ ಎಷ್ಟು ದಪ್ಪ ಗೆಡ್ಡೆಯಾದರೂ ಚಿಗುರುವುದಿಲ್ಲ. ಟೀಚರಕ್ಕನ ಮನೆಯಲ್ಲಿ ಬಿಳಿ ಅಂಚಿನ ನೇರಳೆ ಡೇರೆ ಇದೆ. ಅದಕ್ಕೆ ಬದಲಾಗಿ ನಾನು ಕಿತ್ತಳೆ ಬಣ್ಣದ್ದು ಕೊಡುತ್ತೇನೆ ಅಂತ ಚೌತಿಯ ಹೊತ್ತಿಗೇ ಮಾತಾಗಿದೆ.

ಮತ್ತೆ ಜಗುಲಿಗೆ. ಇಲ್ಲಿ ಒಂದು ಬೇಸರದ ವಿಷಯ ಹೇಳಬೇಕು. ಮೇಲಿನ ತುಂಡುಗಳಿಗೆ ಪೇಟೆಯ ಒಂದು ಅಂಗಡಿಯಿಂದ ಅರ್ಧ ಮೀಟರ್ ಕೆಂಪು ಬಟ್ಟೆ ತಂದಿದ್ದೆ. ಬಣ್ಣ ಬಿಡುವುದಿಲ್ಲ ಅಂತ ಹೇಳಿದ್ದರು. ನಾನೂ ನೆನೆಸಿ ನೋಡದೆ ಹಾಗೇ ಹೊಲಿದೆ. ಕೌದಿ ಮುಗಿದ ದಿನ ನೀರಿಗೆ ಹಾಕಿದರೆ ಕೆಂಪು ಹರಿಯಿತು. ಅದರ ಪಕ್ಕದಲ್ಲೇ ಅತ್ತೆಯ ಅಮ್ಮನ ಸೀರೆಯ ತುಂಡು ಇತ್ತು, ಕೆನೆ ಬಣ್ಣದ್ದು, ಕಿರು ಅಂಚಿನದು. ಆ ಅಮ್ಮನ ವಸ್ತುಗಳಲ್ಲಿ ಉಳಿದಿದ್ದು ಆ ಸೀರೆ ಒಂದೇ. ಅದಕ್ಕೇ ಮಗುವಿನ ಕೌದಿಗೆ ಕೊಟ್ಟಿದ್ದರು. ಒಣಗಲು ಬಿಡದೆ ಮತ್ತೆ ಮತ್ತೆ ಸೋಪಿನ ನೀರಿನಲ್ಲಿ ನೆನೆಸಿದೆವು. ತುಂಬಾ ಹೋಯಿತು. ಅಂಗೈ ಅಗಲದ ಗುಲಾಬಿ ಕಲೆ ಒಂದು ಮಾತ್ರ ಉಳಿಯಿತು.

ನನಗೆ ಅತ್ತೆಯ ಮುಖ ನೋಡಲು ಆಗಲಿಲ್ಲ. ಅವರು ಕಲೆ ಎಲ್ಲಿದೆ ಅಂತ ಕೇಳಿ, ನನ್ನ ಕೈ ಹಿಡಿದು ಅದರ ಮೇಲೆ ಇಟ್ಟುಕೊಂಡರು. "ಇದ್ರ ಮೇಲೊಂದು ತುಂಡು ಇಡು. ಅಮ್ಮನ ಸೀರೆ ಅಡಿಗೆ ಇರ್ತದೆ, ಎಲ್ಲಿ ಹೋಗ್ತದೆ?" ಅಂದರು. ಆ ಕೆಂಪು ಬಟ್ಟೆ ಬಿಚ್ಚಿ ತೆಗೆದೆವು. ಅದು ಇದ್ದ ಜಾಗಕ್ಕೂ ಕಲೆಯ ಮೇಲಕ್ಕೂ ಚೊಗರಿನ ತುಂಡು ಇಟ್ಟೆವು. ಅವತ್ತು ಬುಧವಾರ ಆಗಿರಲಿಲ್ಲ. ಆದರೂ ಆರು ಜನವೂ ಬಂದಿದ್ದರು. ಒಂದೇ ತುಂಡಿನ ಸುತ್ತ ಆರು ಕೈ ಹಿಡಿಸುವುದಿಲ್ಲ. ಇಬ್ಬರು ಹೊಲಿದರು, ಇಬ್ಬರು ದಾರ ಪೋಣಿಸಿದರು, ಉಳಿದವರು ನನ್ನ ಹತ್ತಿರ ಸುಮ್ನೆ ಕೂತರು.

ಇದು ಏಪ್ರಿಲ್ ಕೊನೆಯ ವಾರ. ಭರಣಿ ಮಳೆ ಹುಟ್ಟಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ, ತೋಟಕ್ಕೆ ಅದು ಬೇಕು. ನಮಗೆ ಮಾತ್ರ ಇನ್ನೊಂದು ದಿನದ ಬಿಸಿಲು ಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಕೌದಿಯನ್ನು ಹಗ್ಗಕ್ಕೆ ಹಾಕಿದೆವು. ಹನ್ನೆರಡಕ್ಕೆ ತಿರುಗಿಸಿ ಹಾಕಿದೆವು. ಮೂರೂವರೆಗೆ ಪಶ್ಚಿಮದಲ್ಲಿ ಕಪ್ಪಾಯಿತು, ಗಾಳಿ ಎದ್ದಿತು. ಸೇತುವೆ ಪಕ್ಕದ ಮನೆಯ ಅತ್ತಿಗೆ ಹಪ್ಪಳದ ಚಾಪೆ ಎತ್ತಿಕೊಂಡು ಓಡಿದರು, ಟೀಚರಕ್ಕ ಕೌದಿ ಹಿಡಿದರು. ಈ ದೃಶ್ಯ ಅಲುಗಾಡಿದೆ, ನಾನು ಒಂದು ಕೈಯಲ್ಲಿ ಫೋನ್ ಹಿಡಿದು ಓಡುತ್ತಿದ್ದೆ. ಜಗುಲಿಗೆ ಬಂದು ಮುಟ್ಟಿ ನೋಡಿದರೆ ನಾಲ್ಕು ಮೂಲೆಯೂ ಒಣಗಿತ್ತು, ಹೂಗಳ ಒಳಗೂ.

ಅತ್ತೆ ಕೌದಿಯನ್ನು ಮಡಿಲಿಗೆ ಹಾಕಿಕೊಂಡು ಅಂಚಿನಿಂದ ನಡುವಿನವರೆಗೆ ಬೆರಳು ಓಡಿಸಿದರು. ಚೊಗರಿನ ತುಂಡಿನ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆನ್ನೆಗೆ ಒತ್ತಿಕೊಂಡರು. ಹೊರಗೆ ಹೆಂಚಿನ ಮೇಲೆ ಮಳೆ ಜೋರಾಗಿತ್ತು, ಅವರು ಹೇಳಿದ್ದು ನಿಮಗೆ ಕೇಳಿಸುವುದಿಲ್ಲ. ಅವರು ಕೇಳಿದ್ದು, "ಡೇರೆ ಗೆಡ್ಡೆ ಮರಳಿಂದ ತೆಗ್ದ್ಯಾ?"

ತೆಗೆದಿರಲಿಲ್ಲ. ಮರುದಿನ ಬೆಳಿಗ್ಗೆ ತೆಗೆದೆ. ಏಳು ಗೆಡ್ಡೆಗೆ ಕಣ್ಣು ಬಂದಿದೆ.