ರಜೆಗೆ ಸಿಡ್ನಿಗೆ ಹೋದಾಗ ಊರಿಡೀ ಓಡುವ ಓಟದಲ್ಲಿ ನೀವೂ ಓಡಿ

[ದೃಶ್ಯ: ಸಿಡ್ನಿಯ ಹೈಡ್ ಪಾರ್ಕ್ ಪಕ್ಕದ ರಸ್ತೆ. ಚಳಿಯ ಬೆಳಗು. ಕಣ್ಣು ಹಾಯುವಷ್ಟು ದೂರ ಜನ.]

ನಮಸ್ಕಾರ. ಆಗಸ್ಟ್ ತಿಂಗಳ ಎರಡನೇ ಭಾನುವಾರ ನೀವು ಸಿಡ್ನಿಯಲ್ಲಿದ್ದರೆ ಒಂದು ಕೆಲಸ ಮಾಡಿ. ಬೆಳಿಗ್ಗೆ ಹೈಡ್ ಪಾರ್ಕಿಗೆ ಹೋಗಿ, ಅಲ್ಲಿಂದ ಬಾಂಡೈ ಬೀಚಿನವರೆಗೆ 14 ಕಿಲೋಮೀಟರ್ ಓಡಿ. ಓಡೋಕೆ ಆಗದಿದ್ದರೆ ನಡೆಯಿರಿ. ಇದು ಸಿಟಿ ಟು ಸರ್ಫ್. ಕೆಲವು ವರ್ಷ 80,000ಕ್ಕಿಂತ ಜಾಸ್ತಿ ಜನ ಹೆಸರು ಕೊಟ್ಟಿದ್ದಾರೆ.

ಮಕ್ಕಳು ಅಲ್ಲಿದ್ದಾರೆ ಅಂತ ಸಿಡ್ನಿಗೆ ಹೋಗಿಬರುವ ಕನ್ನಡಿಗರು ಈಗ ಬಹಳ. ಆಪೆರಾ ಹೌಸ್ ನೋಡುತ್ತೇವೆ, ಹಾರ್ಬರ್ ಬ್ರಿಡ್ಜ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ, ಬ್ಲೂ ಮೌಂಟನ್ಸ್‌ಗೆ ಹೋಗಿಬರುತ್ತೇವೆ. ಆದರೆ ಆ ಊರಿನ ಜನರ ಜೊತೆ ಅರ್ಧ ದಿನ ಕಳೆಯುವ ಅವಕಾಶ ಪ್ರವಾಸಿಗೆ ಎಲ್ಲಿ ಸಿಗುತ್ತೆ? ಈ ಓಟದಲ್ಲಿ ಸಿಗುತ್ತೆ. ಅದಕ್ಕೇ ಈ ವಿಡಿಯೋ.

[ದೃಶ್ಯ: ಹಳೆಯ ಕಪ್ಪು ಬಿಳುಪು ಚಿತ್ರಗಳು.]

ಮೊದಲ ಓಟ ನಡೆದದ್ದು 1971ರಲ್ಲಿ. ಆಗ ಬಂದವರು ಸುಮಾರು 2,000 ಜನ. ಸಿಡ್ನಿಯ ಒಂದು ಪತ್ರಿಕೆಯವರು ಶುರು ಮಾಡಿದರು. ಅವರಿಗೆ ಸ್ಫೂರ್ತಿ ಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೋದ ಬೇ ಟು ಬ್ರೇಕರ್ಸ್ ಓಟ. ಅದು ಇನ್ನೂ ಹಳೆಯದು, 1912ರದ್ದು. 1906ರ ಭೂಕಂಪದಲ್ಲಿ ನೆಲಕಚ್ಚಿದ್ದ ಊರಿಗೆ ಮತ್ತೆ ಹುರುಪು ತುಂಬಬೇಕು ಅಂತ ನಡೆಸಿದ ಓಟ ಅದು. ನಮ್ಮ ಬೆಂಗಳೂರಿನ ವರ್ಲ್ಡ್ 10ಕೆ 2008ರಲ್ಲಿ ಶುರುವಾಯಿತು. ಅದರ ಮಜಾ ರನ್‌ನಲ್ಲಿ ವೇಷ ಹಾಕಿಕೊಂಡು ಓಡುವವರನ್ನು ನೋಡಿದ್ದೀರಲ್ವಾ? ಸಿಡ್ನಿಯಲ್ಲೂ ಅಂಥವರು ಬೇಕಾದಷ್ಟು ಸಿಗುತ್ತಾರೆ.

[ದೃಶ್ಯ: ಎದೆಗೆ ಬಣ್ಣ ಬಣ್ಣದ ನಂಬರ್ ಚೀಟಿ ಹಾಕಿಕೊಂಡ ಗುಂಪುಗಳು.]

ಇಷ್ಟು ಜನ ಒಂದೇ ರಸ್ತೆಯಲ್ಲಿ ಹೇಗೆ ಹಿಡಿಸುತ್ತಾರೆ? ಹಿಡಿಸೋದಿಲ್ಲ. ಅದಕ್ಕೇ ಬಣ್ಣದ ಗುಂಪುಗಳನ್ನು ಮಾಡಿ, ಒಂದಾದ ಮೇಲೆ ಒಂದನ್ನು ಬಿಡುತ್ತಾರೆ. ವೇಗದವರು ಮುಂದೆ. ಆ ಗುಂಪಿಗೆ ಸೇರಲು ಹಿಂದಿನ ಓಟದ ಸಮಯ ತೋರಿಸಬೇಕು. ನಡೆಯುವವರು, ಮಗುವಿನ ತಳ್ಳುಗಾಡಿ ತರುವವರು ಕೊನೆಗೆ.

ಗುಂಪು ಆರಿಸುವಾಗ ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ. ನಡೆಯುವವರು ವೇಗದ ಗುಂಪಿಗೆ ಸೇರಿಕೊಂಡರೆ ಹಿಂದಿನಿಂದ ಸಾವಿರಾರು ಜನ ನುಗ್ಗಿಬರುತ್ತಾರೆ. ನಿಮಗೂ ಗಾಬರಿ, ಅವರಿಗೂ ತೊಂದರೆ. ಹಿಂದೆ ನಿಂತರೆ ನಷ್ಟ ಏನೂ ಇಲ್ಲ. ಬಿಬ್‌ನಲ್ಲಿ, ಅಂದರೆ ಎದೆಗೆ ಹಾಕಿಕೊಳ್ಳುವ ನಂಬರ್ ಚೀಟಿಯಲ್ಲಿ, ಸಮಯ ಅಳೆಯುವ ಚಿಪ್ ಇರುತ್ತೆ, ನೀವು ಶುರುವಿನ ಗೆರೆ ದಾಟಿದ ಕ್ಷಣದಿಂದಲೇ ನಿಮ್ಮ ಸಮಯದ ಲೆಕ್ಕ.

1991ರಲ್ಲಿ ಆಸ್ಟ್ರೇಲಿಯಾದ ಓಟಗಾರ ಸ್ಟೀವ್ ಮೊನೆಗೆಟ್ಟಿ ಈ ದಾರಿಯನ್ನು 40 ನಿಮಿಷ 3 ಸೆಕೆಂಡಿನಲ್ಲಿ ಮುಗಿಸಿದ್ದರು. ಬಿರುಸಾಗಿ ನಡೆಯುವವರಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ದಾರಿ ಒಂದೇ. ಇಬ್ಬರಿಗೂ ಜಾಗ ಇದೆ.

[ದೃಶ್ಯ: ಎರಡು ಗಡಿಯಾರ. ಒಂದು ಸಿಡ್ನಿ, ಒಂದು ಬೆಂಗಳೂರು.]

ಭಾರತದಿಂದ ಹೋದವರು ಮರೆಯುವ ವಿಷಯ ಒಂದಿದೆ. ಆಗಸ್ಟಿನಲ್ಲಿ ಸಿಡ್ನಿ ಸಮಯ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 8 ಗಂಟೆ ಅಂದರೆ ನಿಮ್ಮ ಮೈಗೆ ಇನ್ನೂ ಮೂರೂವರೆ. ಶುಕ್ರವಾರ ಇಳಿದು ಭಾನುವಾರ ಓಡಲು ಹೋಗಬೇಡಿ. ಸಾಧ್ಯವಾದರೆ ಒಂದು ವಾರ ಮೊದಲೇ ತಲುಪಿ.

ಆಗಸ್ಟ್ ಅಲ್ಲಿ ಚಳಿಗಾಲ. ಬೆಳಿಗ್ಗೆ ಹತ್ತು ಡಿಗ್ರಿ ಆಸುಪಾಸು, ಮಧ್ಯಾಹ್ನ ಹದಿನೇಳು ಹದಿನೆಂಟು. ಓಡೋಕೆ ಇದಕ್ಕಿಂತ ಒಳ್ಳೆ ಹವೆ ಬೇಕಾ? ಆದರೆ ಗೆರೆಯ ಹಿಂದೆ ನಿಂತು ಕಾಯುವಾಗ ನಡುಕ ಬರುತ್ತೆ. ಅಲ್ಲಿಯವರು ಹಳೆಯ ಸ್ವೆಟರ್ ಹಾಕಿಕೊಂಡು ಬಂದು, ಓಟ ಶುರುವಾಗುವಾಗ ತೆಗೆದು ಪಕ್ಕಕ್ಕೆ ಎಸೆಯುತ್ತಾರೆ. ಅವನ್ನು ಆರಿಸಿ ದಾನಕ್ಕೆ ಕೊಡುತ್ತಾರೆ. ನೀವೂ ಒಂದು ಹಳೆಯದನ್ನು ಸೂಟ್‌ಕೇಸಿಗೆ ಹಾಕಿಕೊಳ್ಳಿ. ಶೂ ಮಾತ್ರ ಊರಲ್ಲಿ ಹಾಕಿ ಪಳಗಿಸಿದ್ದೇ ಇರಲಿ. ಅಲ್ಲಿ ರಿಯಾಯಿತಿಗೆ ಸಿಕ್ಕಿತು ಅಂತ ಹೊಸದು ಕೊಂಡು ಮಾರನೇ ದಿನ 14 ಕಿಲೋಮೀಟರ್ ಓಡಿದರೆ ಉಳಿದ ರಜೆಯೆಲ್ಲ ಬೊಬ್ಬೆಯ ಆರೈಕೆಯಲ್ಲೇ ಹೋಗುತ್ತೆ.

[ದೃಶ್ಯ: ನಕ್ಷೆ. ಹೈಡ್ ಪಾರ್ಕಿನಿಂದ ಪೂರ್ವಕ್ಕೆ ಸಾಗುವ ಕೆಂಪು ಗೆರೆ.]

ಈಗ ದಾರಿಗೆ ಬರೋಣ. ಇದೇ ನನಗೆ ಬಹಳ ಇಷ್ಟವಾದ ಭಾಗ.

ವಿಲಿಯಂ ಸ್ಟ್ರೀಟ್ ಇಳಿಜಾರಿನಿಂದ ಶುರು. ಕಾಲು ತಾನಾಗಿಯೇ ಓಡುತ್ತೆ. ಸುತ್ತ ಜನ, ಸಂಗೀತ, ಉತ್ಸಾಹ. ಅಲ್ಲೇ ಎಚ್ಚರ ಇರಲಿ, ಬೇಗ ಓಡಬೇಡಿ. ಆಮೇಲೆ ಕಿಂಗ್ಸ್ ಕ್ರಾಸ್ ಸುರಂಗ. ಬೇರೆ ದಿನ ಕಾರುಗಳು ಮಾತ್ರ ಹೋಗುವ ಸುರಂಗವದು. ಅಂದು ಅದರೊಳಗೆ ಸಾವಿರಾರು ಜನ ಒಟ್ಟಿಗೆ ಕೂಗುತ್ತಾರೆ. ನೀವೂ ಕೂಗಿ. ಯಾರೂ ತಿರುಗಿ ನೋಡೋದಿಲ್ಲ!

ಸುರಂಗ ದಾಟಿದ ಮೇಲೆ ರಶ್‌ಕಟರ್ಸ್ ಬೇ, ಎಡ್ಜ್‌ಕ್ಲಿಫ್ ಏರು, ಡಬಲ್ ಬೇ. ಇಲ್ಲಿಂದ ನ್ಯೂ ಸೌತ್ ಹೆಡ್ ರೋಡ್ ಕೊಲ್ಲಿಯ ಅಂಚಿಗೇ ಬರುತ್ತೆ. ರೋಸ್ ಬೇಯಲ್ಲಿ ಎಡಕ್ಕೆ ನೋಡಿ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳ ನೆಲೆ ಕಾಣುತ್ತೆ. 1938ರಲ್ಲಿ ಇಲ್ಲಿಂದಲೇ ಇಂಗ್ಲೆಂಡಿಗೆ ದೊಡ್ಡ ಹಾರುದೋಣಿಗಳು, ಅಂದರೆ ನೀರಿನಿಂದಲೇ ಮೇಲೇರುವ ವಿಮಾನಗಳು, ಹೊರಡುತ್ತಿದ್ದವು. ಪ್ರಯಾಣಕ್ಕೆ ಒಂದು ವಾರಕ್ಕೂ ಜಾಸ್ತಿ ಹಿಡಿಯುತ್ತಿತ್ತು. ದಾರಿಯಲ್ಲಿ ಕಲ್ಕತ್ತಾ, ಕರಾಚಿಗಳಲ್ಲಿ ಇಳಿದು ಮುಂದೆ ಹೋಗುತ್ತಿದ್ದವು. ಓಡುತ್ತಾ ಇದನ್ನು ನೆನೆಸಿಕೊಂಡರೆ ಆ ದಡ ಬೇರೆಯಾಗಿಯೇ ಕಾಣುತ್ತೆ.

[ದೃಶ್ಯ: ಮೇಲಕ್ಕೆ ತಿರುಗುವ ರಸ್ತೆ. ತಲೆ ತಗ್ಗಿಸಿ ಹತ್ತುತ್ತಿರುವ ಜನ.]

ಆರನೇ ಕಿಲೋಮೀಟರಿನ ಹತ್ತಿರ ಹಾರ್ಟ್‌ಬ್ರೇಕ್ ಹಿಲ್ ಶುರು. ಸುಮಾರು ಎರಡು ಕಿಲೋಮೀಟರ್ ಏರು. ನಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲಿನಷ್ಟು ಕಡಿದಲ್ಲ. ಆದರೆ ತಿರುವು ಮುಗಿಯಿತು ಅಂದುಕೊಂಡರೆ ಮುಂದೆ ಇನ್ನೂ ಏರು ಇರುತ್ತೆ. ವಿಲಿಯಂ ಸ್ಟ್ರೀಟಿನಲ್ಲಿ ಹಾರಿ ಬಂದವರೆಲ್ಲ ಇಲ್ಲಿ ಸೊಂಟ ಹಿಡಿದು ನಿಂತಿರುತ್ತಾರೆ. ನೀವು ಇಲ್ಲಿ ನಡೆಯಿರಿ. ಅಕ್ಕಪಕ್ಕದವರೂ ನಡೆಯುತ್ತಿರುತ್ತಾರೆ, ಮಾತಿಗೆ ಇದೇ ಒಳ್ಳೆ ಜಾಗ. ಎಲ್ಲಿಂದ ಬಂದಿರಿ ಅಂತ ಅವರೇ ಕೇಳುತ್ತಾರೆ. ನಡುವೆ ಒಮ್ಮೆ ಪಕ್ಕಕ್ಕೆ ಸರಿದು ಹಿಂದೆ ತಿರುಗಿ ನೋಡಿ. ಕೆಳಗೆ ಇಡೀ ಕೊಲ್ಲಿ, ಹಿಂದೆ ಜನರ ಸಾಲು. ಫೋಟೋ ತೆಗೆಯುವವರು ರಸ್ತೆಯ ಮಧ್ಯೆ ನಿಲ್ಲಬೇಡಿ, ಹಿಂದಿನವರು ಡಿಕ್ಕಿ ಹೊಡೆಯುತ್ತಾರೆ.

ಬೆಟ್ಟ ಹತ್ತಿದರೆ ಮುಗೀತು ಅನ್ನುವವರ ಮಾತು ಅರ್ಧ ಮಾತ್ರ ನಿಜ. ಡೋವರ್ ಹೈಟ್ಸ್ ಕಡೆ ಮಿಲಿಟರಿ ರೋಡ್ ಏರಿ ಇಳಿಯುತ್ತಲೇ ಇರುತ್ತೆ. ಸ್ವಲ್ಪ ಶಕ್ತಿ ಉಳಿಸಿಕೊಳ್ಳಿ. ಕೊನೆಗೆ ಬಾಂಡೈಗೆ ಇಳಿಜಾರು.

[ದೃಶ್ಯ: ಬಾಂಡೈ ಬೀಚ್. ಪದಕ ಹಾಕಿಕೊಂಡವರು, ಕೆಂಪು ಹಳದಿ ಬಾವುಟಗಳು.]

ಓಟ ಮುಗಿಸಿದವರಲ್ಲಿ ಅನೇಕರು ನೇರ ನೀರಿಗೆ ಇಳಿಯುತ್ತಾರೆ. ಅವರನ್ನು ನೋಡಿ ನೀವು ಹಾಗೇ ಇಳಿಯಬೇಡಿ. ಈಜು ಚೆನ್ನಾಗಿ ಬಂದರೆ ಮಾತ್ರ, ಅದೂ ಜೀವರಕ್ಷಕರು ಕಾವಲಿರುವ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಬಾಂಡೈಯಲ್ಲಿ ಒಳಕ್ಕೆ ಎಳೆಯುವ ಸೆಳೆತ ಜೋರು. 1938ರ ಫೆಬ್ರುವರಿಯ ಒಂದು ಭಾನುವಾರ ದೊಡ್ಡ ಅಲೆಗಳು ನೂರಾರು ಜನರನ್ನು ಕೊಚ್ಚಿಕೊಂಡು ಹೋಗಿ, ಐವರು ಸತ್ತರು. ಸುಸ್ತಾದ ಕಾಲಿಗೆ ಆ ನೀರಿನಲ್ಲಿ ಬಲ ಇರೋದಿಲ್ಲ. ಪಾದ ನೆನೆಸಿಕೊಂಡರೆ ಸಾಕು.

ಇನ್ನು ಹಣದ ವಿಷಯ. ಸುಮ್ನೆ ಹೆದರಿಸೋಕೆ ಹೇಳುತ್ತಿಲ್ಲ. ಭಾರತದಿಂದ ಹೋದ ಪ್ರವಾಸಿಗೆ ಅಲ್ಲಿಯ ಸರ್ಕಾರಿ ಆರೋಗ್ಯ ಯೋಜನೆ ಸಿಗೋದಿಲ್ಲ. ಆಂಬುಲೆನ್ಸಿಗೂ ಬಿಲ್ ಬರುತ್ತೆ. ಟ್ರಾವೆಲ್ ಇನ್ಶೂರೆನ್ಸ್ ಪತ್ರ ಓದಿ, ಇಂಥ ಓಟದಲ್ಲಿ ಗಾಯವಾದರೆ ಕೊಡುತ್ತಾರಾ ಅಂತ ಲಿಖಿತವಾಗಿ ಕೇಳಿಕೊಳ್ಳಿ. ಬಿಪಿ, ಶುಗರ್, ಹೃದಯದ ತೊಂದರೆ ಇರುವ ಅಪ್ಪ ಅಮ್ಮಂದಿರು ಊರಲ್ಲೇ ಡಾಕ್ಟರನ್ನು ಕೇಳಿ ಹೊರಡಿ. ಅಲ್ಲಿ ತುರ್ತು ನಂಬರ್ 000. ಮೊಬೈಲಿನಿಂದ 112 ಒತ್ತಿದರೂ ಅಲ್ಲಿಗೇ ಹೋಗುತ್ತೆ.

ಹೆಸರು ನೋಂದಾಯಿಸುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ, ಜಾಗ ತುಂಬಿಬಿಡುತ್ತೆ. ಬಿಬ್ ಅಂಚೆಯಲ್ಲಿ ಬರುತ್ತಾ, ನೀವೇ ಹೋಗಿ ತರಬೇಕಾ ಅನ್ನುವುದನ್ನೂ ಆಗಲೇ ನೋಡಿಕೊಳ್ಳಿ.

[ದೃಶ್ಯ: ಬಸ್ಸಿಗೆ ಕಾಯುವ ಉದ್ದ ಸಾಲು.]

ವಾಪಸ್ ಬರೋದು ಹೇಗೆ? ಬಾಂಡೈ ಬೀಚಿಗೆ ರೈಲಿಲ್ಲ. ಬಸ್ಸಿನಲ್ಲಿ ಬಾಂಡೈ ಜಂಕ್ಷನ್‌ಗೆ ಬಂದು ಅಲ್ಲಿಂದ ರೈಲು ಹಿಡಿಯಬೇಕು. ಅಂದು ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಗುತ್ತೆ. ಕಾಲು ಒಪ್ಪಿದರೆ ನಡೆದೇ ಹೋಗಬಹುದು, ಎರಡೂವರೆ ಮೂರು ಕಿಲೋಮೀಟರ್. ರೈಲಿನಲ್ಲಿ ಎದುರಿಗೆ ಪದಕ ಹಾಕಿಕೊಂಡು ಕೂತವರು ಸಿಕ್ಕರೆ ಬೆಟ್ಟ ಹೇಗಿತ್ತು ಅಂತ ಕೇಳಿ. ನಿಮ್ಮ ಸ್ಟೇಷನ್ ಬರುವವರೆಗೂ ಮಾತು ನಿಲ್ಲೋದಿಲ್ಲ.